ಮೂವತ್ತೊಂದನೆಯ ಪಟ್ಟಿ

ಮುಳ್ಳಿಲ್ಲ, ಅಂಕಿಯಿಲ್ಲ, ಮುಖವೇ ಇಲ್ಲ.
'ಹೇ ಕಸಲಂ ಘಡ್ಯಾಳ, ಬಾಯಿ?' ಎಂದು
ಒಂಬತ್ತನೆಯ ಇಯತ್ತೆ ನಕ್ಕಿತು.
ಹೊತ್ತು ತೋರಿಸುವುದಿಲ್ಲ, ಕದ್ದು ನೋಡುತ್ತದೆ ಅಷ್ಟೆ,
ಎನ್ನಲಿಲ್ಲ ನಾನು. ಸಮ್ಮತಿಪತ್ರದಲ್ಲಿ ಹಾಗೆ ಬರೆದಿರಲಿಲ್ಲ.

ನಲವತ್ತು ಮಣಿಕಟ್ಟು, ನಲವತ್ತು ಕಪ್ಪು ಪಟ್ಟಿ,
ಏಳು ರಾತ್ರಿ.
ಸ್ನಾನಕ್ಕೂ ಬಿಚ್ಚಬೇಡಿ, ಜಗಳಕ್ಕೂ ಬಿಚ್ಚಬೇಡಿ,
ಮಲಗಿದ್ದು ಯಾವಾಗ, ಎದ್ದದ್ದು ಯಾವಾಗ,
ಈ ಹಳದಿ ಪುಸ್ತಕದಲ್ಲಿ ಬರೆಯಿರಿ.

ಬರೆದರು.
'ಅಪ್ಪ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಕಾಲು ಚಾಚಿದ ಮೇಲೆ.'
'ಕೊನೆಯ ಕಸಾರಾ ಲೋಕಲ್ ಹೋದ ಮೇಲೆ.'
'ಮೊಬೈಲ್ ಸತ್ತ ಮೇಲೆ.'
ಇದೊಂದೇ ನಿಜ ಅನ್ನಿಸಿತು ನಮ್ಮ ಸಾಹೇಬರಿಗೆ.
ಸಾಯಲಿ ಶಿರ್ಕೆ ಮಾತ್ರ ನೀಟಾಗಿ, ಕೆಂಪು ಇಂಕಿನಲ್ಲಿ, ಏಳೂ ದಿನ:
ಹತ್ತು ಗಂಟೆ. ಆರು ಗಂಟೆ.
ಅವಳ ಗ್ರಾಫಿನಲ್ಲಿ ದಿನಾ ಮೂರೂ ಐವತ್ತಕ್ಕೊಂದು ದಿಬ್ಬ.
ಭಾಂಡುಪ್ ಗುಡ್ಡದ ಮೇಲೆ ನಲ್ಲಿ ಬರುವ ಹೊತ್ತು.
ಕೊಡ ಎಷ್ಟೆಂದು ಹೆಜ್ಜೆಯಲ್ಲೇ ಎಣಿಸಬಹುದು:
ಹನ್ನೊಂದು.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ
ಎನ್ನುತ್ತಿದ್ದಳು ನನ್ನಜ್ಜಿ,
ಮಾಟುಂಗದ ಒಂದೂವರೆ ಕೋಣೆಯಲ್ಲಿ
ಮಲಗಿದ ಒಂಬತ್ತು ಮಂದಿಯ ನಡುವೆ
ತಾನೊಬ್ಬಳೇ ಎದ್ದು ಕೂತು.

ಹದಿಹರೆಯಕ್ಕೆ ನಿದ್ದೆ ತಡವಾಗಿ ಬರುವುದು ಮೈಯ ಧರ್ಮ,
ಶಾಲೆಯ ಗಂಟೆಯೇ ಅವಸರದ್ದು. ಇದು ನಮ್ಮ ಊಹೆ.
ಸಾಬೀತಾದರೆ ಏಳರ ಗಂಟೆ ಎಂಟಾದೀತು.
ನಲ್ಲಿಯ ಗಂಟೆ ಯಾರ ಕೈಲಿದೆಯೋ.

ಮೂವತ್ತೊಂದು: ಯಲ್ಲಾಲಿಂಗ, ವಯಸ್ಸು ಹದಿನಾಲ್ಕು.
ಮೊದಲ ರಾತ್ರಿ ಎಲ್ಲರಂತೆ.
ಎರಡನೆಯ ರಾತ್ರಿ ಹನ್ನೆರಡೂವರೆಗೆ
ನಾಡಿ ಒಮ್ಮೆಗೇ ನೂರಾ ಇಪ್ಪತ್ತಕ್ಕೆ ಜಿಗಿದು
ಅಲ್ಲೇ ನೆಮ್ಮದಿಯಾಗಿ ಉಳಿಯಿತು, ಬೆಳಗಿನವರೆಗೆ.
ಓಡಿದ್ದಿಲ್ಲ, ಏರಿದ್ದಿಲ್ಲ.
ಸಣ್ಣಗೆ ಒಂದು ಅಲೆ ಮಾತ್ರ, ಒಂದೇ ತಾಳದಲ್ಲಿ,
ನಡುನಡುವೆ ತಪ್ಪಿ, ಮತ್ತೆ ಹಿಡಿದು.
ಮೂರನೆಯ ರಾತ್ರಿಯೂ. ನಾಲ್ಕನೆಯದೂ.
ಸಾಫ್ಟ್‌ವೇರ್ ಕೆಂಪು ಬಾವುಟ ನೆಟ್ಟಿತು.

ಮೆಟ್ಟಿಲ ಕೆಳಗೆ ನಿಲ್ಲಿಸಿ ಮರಾಠಿಯಲ್ಲಿ ಕೇಳಿದೆ.
ಸುಮ್ಮನಿದ್ದ.
ಕನ್ನಡದಲ್ಲಿ ಕೇಳಿದೆ. ಚಪ್ಪಲಿ ನೋಡುತ್ತ ಅಂದ:
'ಅವ್ವಗ ದವಾಖಾನ್ಯಾಗ ನೈಟ್ ಡೂಟಿ, ಅಕ್ಕಾರ.
ತಂಗಿಗಿ ಏಳು ತಿಂಗಳ. ಬರೇ ಅಳ್ತಾಳ.
ಇದರ ಹೊಟ್ಟ್ಯಾಗಿನ ಹಸರ ಲೈಟ್ ಕಂಡ್ರ ಸುಮ್ಮ ಆಗ್ತಾಳ್ರಿ.
ಕಾಲಿಗಿ ಎರಡು ಸುತ್ತ ಸುತ್ತತೀನಿ, ನೋಡ್ಕೋಂತ ಮಲಗ್ತಾಳ.'
'ನೀನು?'
'ಜೋಳಿಗಿ ತೂಗ್ತಿರ್ತೀನ್ರಿ. ನಿಲ್ಲಿಸಿದ್ರ ಏಳ್ತಾಳ.'
ಆಮೇಲೆ, 'ದಂಡ ಕಟ್ಟಬೇಕೇನ್ರಿ?'

'ತೊಡದ ಹೊತ್ತು' ಎಂದು ನಮೂದಿಸಿ ತೆಗೆದುಹಾಕಿ,
ಎಂದರು ಸಾಹೇಬರು. ಸರಿಯೇ.
ಹಾಳೆಯಲ್ಲಿ ಮೂವತ್ತೊಂಬತ್ತು ಉಳಿದರು,
ಸರಾಸರಿಗೆ ಏನೂ ಆಗಲಿಲ್ಲ.

ಅಳಿಸುವ ಮೊದಲು, ಆ ರಾತ್ರಿ,
ಅಲೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ.
ಒಂದು ಹೊರಳು, ಒಂದು ತೂಗು, ಒಂದು ತೂಗು.
ಒಂದೂ ಹತ್ತಕ್ಕೆ ಅಲೆ ನಿಂತಿದೆ, ಮೂರು ನಿಮಿಷ.
ಎರಡೂ ಕಾಲಿಗೆ, ಐದು.
ಹಾಗಾದರೆ ಅಲ್ಲಿದ್ದಾನೆ ಹುಡುಗ,
ಹಗ್ಗ ಹಿಡಿದ ಕೈ ಸಡಿಲಾದಲ್ಲಿ, ತೂಕಡಿಸಿದಲ್ಲಿ,
ತಂಗಿಯ ಕಾಲು ಅಲ್ಲಾಡದಲ್ಲಿ.
ಪೆನ್ಸಿಲಿನಿಂದ ಕೂಡಿಸಿದೆ.
ನಾಲ್ಕನೆಯ ರಾತ್ರಿ ಯಲ್ಲಾಲಿಂಗನ ನಿದ್ದೆ:
ನಲವತ್ತೊಂದು ನಿಮಿಷ, ಹದಿನಾಲ್ಕು ತುಂಡುಗಳಲ್ಲಿ.
ಇದನ್ನು ತುಂಬಲು ಹಾಳೆಯಲ್ಲಿ ಕಾಲಂ ಇಲ್ಲ.

ಪಟ್ಟಿ ವಾಪಸು ಬಂತು. ಜಾನ್ಸನ್ ಪೌಡರಿನ ವಾಸನೆ.
ಬಕ್ಕಲಿನ ಹತ್ತಿರ ರಬ್ಬರಿನಲ್ಲಿ ಎರಡು ಸಣ್ಣ ಗುಳಿ,
ಹೊಸ ಹಲ್ಲಿನವು.
ಸ್ಪಿರಿಟ್ ಹಚ್ಚಿ ಒರೆಸಿದೆ. ಹೋಗಲಿಲ್ಲ.
ಸೋಮವಾರ ಇದೇ ಪಟ್ಟಿ ಮುಲುಂಡಿನ ಯಾವುದೋ ಹುಡುಗಿಗೆ.
ಕೇಳಿಯೇ ಕೇಳುತ್ತಾಳೆ, ಇದೇನಿದು ಎಂದು.